ಕುರಿ ತುಳಿದ ನೆಲದ ಮೇಲೆ ಲಾರಿ

ಮಿಲಿಟರಿ ಲಾರಿಗಳು ಮಳವಳ್ಳಿಯಲ್ಲಿ ತಂಗತೊಡಗಿದ ಮೇಲೆ ಸಂತೆಯ ದಿನ ಎತ್ತಿನ ಗಾಡಿಗಳಿಗೆ ದಾರಿಯೇ ಇಲ್ಲದಂತಾಯಿತು. ಯುದ್ಧದ ಕಾಲ ಅದು. ಬೆಂಗಳೂರಿನಿಂದ ಕನಕಪುರದ ಮೇಲೆ ಹಾದು ಕೊಳ್ಳೇಗಾಲದ ಕಡೆಗೆ ಇಳಿಯುವ ಲಾರಿಗಳು ಸಾಲುಗಟ್ಟಿ ಬಂದು ಊರ ಬಾಗಿಲಲ್ಲೇ ನಿಲ್ಲುತ್ತಿದ್ದವು. ರಸ್ತೆಯ ಅಂಚಿಗೆ ಇಳಿಸಿದರೆ ಮಣ್ಣು ಕುಸಿಯುತ್ತಿತ್ತು, ಇಳಿಸದಿದ್ದರೆ ಊರಿನ ಓಡಾಟ ನಿಂತುಹೋಗುತ್ತಿತ್ತು. ಕೊನೆಗೆ ಊರ ಹೊರಗೆ, ಕೆರೆಯ ಕಡೆಗೆ ಸ್ವಲ್ಪವೇ ಇಳಿಜಾರಾಗಿದ್ದ ಒಂದು ಬಯಲನ್ನು ಗೊತ್ತುಮಾಡಿದರು. ಭಾರದ ಲಾರಿಗಳು ಮಳೆಗಾಲದಲ್ಲೂ ನಿಲ್ಲುವಂತೆ ಅದನ್ನು ಗಟ್ಟಿ ಮಾಡಿಕೊಡಬೇಕೆಂದು ಹುಕುಂ ಬಂತು. ರಸ್ತೆ ಕೆಲಸದ ಓವರ್ಸಿಯರ್ ಆಗಿದ್ದ ನನ್ನ ಪಾಲಿಗೆ ಅದು ಬಿತ್ತು.

ಬಯಲನ್ನು ಮೊದಲ ಸಲ ನೋಡಿದಾಗ ನನಗೆ ಖುಷಿಯೇ ಆಯಿತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಹುಲ್ಲು ಒಣಗಿ ನೆಲ ಹಂಚಿನಂತೆ ಕಾದಿತ್ತು. ಹಿಮ್ಮಡಿಯಿಂದ ಕುಟ್ಟಿದೆ, ಕದಲಲಿಲ್ಲ. ಕೂಲಿಯವರ ಮೇಸ್ತ್ರಿಯೂ ಕುಟ್ಟಿ ನೋಡಿದ. ಐವತ್ತು ದಾಟಿದ್ದ ಒರಟು ಮನುಷ್ಯ, ಮಾತಿನಲ್ಲಿ ಮುಲಾಜು ಇಲ್ಲದವನು.

"ಬಂಡೆ ಇದ್ದಂಗದೆ ಸ್ವಾಮಿ. ಹುಲ್ಲು ಕೆತ್ತಿ ಗರಸು ಅರವಿದ್ರೆ ಆಯ್ತು. ಯುಗಾದಿಗೆ ಓಳಿಗೆ ಮನೇಲೇ ತಿನ್ಬೌದು."

ನಾನೂ ಹಾಗೇ ಅಂದುಕೊಂಡೆ. ಗೂಟ ಹೊಡೆಸಿ ದಾರ ಕಟ್ಟಿಸಿದೆ. ಹೆಂಗಸರು ಹುಲ್ಲನ್ನು ಬೇರುಸಹಿತ ಕೆತ್ತಿದರು. ಗುಡ್ಡದ ಕಡೆಯಿಂದ ಗಾಡಿಗಳಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಕೆಂಪು ಮಣ್ಣು, ಬಂದು ರಾಶಿ ಬಿತ್ತು. ಮೊದಲು ಬರಿ ನೆಲದ ಮೇಲೆ ಒಂದು ಸುತ್ತು ರೋಲರ್ ಓಡಿಸಿ, ಮೇಲೆ ಗರಸು ಹರವಿ ಮತ್ತೆ ಓಡಿಸಿ, ಆಮೇಲೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ. ನಾನು ಕಲಿತಿದ್ದ ಕ್ರಮ ಅದು. ಮದ್ದೂರಿನಲ್ಲಿದ್ದ ಹಬೆಯ ರೋಲರಿಗೆ ಹೇಳಿ ಕಳಿಸಿದೆ.

ರೋಲರ್ ಬಂದದ್ದು ಊರಿಗೆಲ್ಲ ತಿಳಿಯಿತು. ಕಲ್ಲಿದ್ದಲು ಸಿಗದ ಕಾಲವಾದ್ದರಿಂದ ಸೌದೆ ಉರಿಸಿಕೊಂಡು, ಹೊಗೆ ಬಿಟ್ಟುಕೊಂಡು, ಮನುಷ್ಯರ ನಡಿಗೆಗಿಂತ ಮೆಲ್ಲಗೆ ಬಂತು. ಡ್ರೈವರು ಮದ್ದೂರಿನ ಮುಸಲ್ಮಾನ ಸಾಹೇಬರು, ನನಗಿಂತ ಹಿರಿಯರು. ತಲೆಗೊಂದು ವಸ್ತ್ರ ಸುತ್ತಿ, ಹಿತ್ತಾಳೆಯ ನಲ್ಲಿಗಳನ್ನೆಲ್ಲ ಹುಣಸೇಹಣ್ಣಿನಲ್ಲಿ ತಿಕ್ಕಿ ಬೆಳಗಿಟ್ಟಿದ್ದರು. ಅವರೂ ಇಳಿದು ಬಯಲಿನ ತುಂಬ ಓಡಾಡಿ ನೋಡಿ, "ಚೆನ್ನಾಗಿದೆ ಸಾಹೇಬ್ರೇ" ಎಂದರು. ಹೀಗೆ ನಾವು ಮೂವರೂ ಒಪ್ಪಿದ ನೆಲ ಅದು.

ಬಯಲಿನ ಮೇಲ್ಭಾಗದಲ್ಲಿ ರೋಲರ್ ಎರಡು ಸಲ ಹೋಗಿ ಬಂತು. ಮೂರನೆಯ ಸಲ ಕೆರೆಯ ಕಡೆಯ ತಗ್ಗಿಗೆ ಇಳಿದಾಗ ಮುಂದಿನ ಉರುಳೆಯ ಕೆಳಗಿನ ನೆಲ ದೋಸೆಯಂತೆ ಮೆಲ್ಲಗೆ ಬಾಗಿದ್ದನ್ನು ಕಂಡೆ. ಕೂಗುವಷ್ಟರಲ್ಲಿ ಮೇಲಿನ ಒಣ ಪೊರೆ ಒಡೆಯಿತು. ಉರುಳೆ ಒಂದು ಮಗ್ಗುಲಿಗೆ ಜಾರಿ ಕೂತಿತು. ಹಿಂದಿನ ದೊಡ್ಡ ಚಕ್ರವೂ ಇಳಿಯಿತು. ಬಿರುಕಿನಿಂದ ಕಪ್ಪು ನೀರು ಉಕ್ಕಿತು.

"ಹೆಂಗಸರನ್ನ ದೂರ ಕಳಿಸಿ! ಎಲ್ಲಾ ದೂರ!" ಎಂದು ಡ್ರೈವರು ಕೂಗಿದರು.

ಬಾಯ್ಲರ್ ಓರೆಯಾದರೆ ಒಳಗಿನ ನೀರು ಒಂದು ಕಡೆ ಸರಿಯುತ್ತದೆ. ನೀರಿಲ್ಲದ ಕಡೆ ಬೆಂಕಿ ತಗುಲಿದರೆ ತಗಡು ಕೆಂಪಗೆ ಕಾದು ಸಿಡಿಯಬಹುದು. ಅದು ನನಗೂ ಗೊತ್ತಿತ್ತು, ಅವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಜಿಗಿದು ಓಡಲಿಲ್ಲ. ವಾಲಿದ ಗಾಡಿಯ ಮೇಲೇ ನಿಂತು, ಉದ್ದನೆಯ ಕೊಕ್ಕೆಯಿಂದ ಒಲೆಯ ಕೆಂಡವನ್ನೆಲ್ಲ ಹೊರಕ್ಕೆಳೆದು ಹಾಕಿದರು. ನಾನು ಮತ್ತು ಮೇಸ್ತ್ರಿ ಕೆಳಗಿನಿಂದ ಮಣ್ಣು ಎರಚಿ ಕೆಂಡ ಆರಿಸಿದೆವು. ಹಬೆಯನ್ನು ಬಿಟ್ಟಾಗ ಬಂದ ಶಬ್ದಕ್ಕೆ ಕೆರೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು. ಆಮೇಲೆ ಡ್ರೈವರು ಇಳಿದು ಬಂದು ನನ್ನ ಪಕ್ಕ ಕೂತರು.

ಗಾಡಿಯನ್ನು ಮೇಲೆತ್ತಲು ಮರದ ದಿಮ್ಮಿಗಳು, ಹಗ್ಗ, ಊರಿನ ಎತ್ತುಗಳೆಲ್ಲ ಬೇಕಾದವು. ಮುಂದೆ ಅಗೆದು ದಿಮ್ಮಿ ಹಾಸಿ, ಎಳೆದು, ಮತ್ತೆ ಅಗೆದು ದಿಮ್ಮಿ ಹಾಸಿ, ಅಂತೂ ರಸ್ತೆಗೆ ತಂದು ಗೋಣಿಮರದ ಕೆಳಗೆ ನಿಲ್ಲಿಸಿದೆವು. ಮುಂದಿನ ಉರುಳೆಯನ್ನು ಹಿಡಿದುಕೊಂಡಿದ್ದ ಕಬ್ಬಿಣದ ಕವೆ ಬಿರಿದಿತ್ತು. ಅದನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ ಹಾಕಿ ಮಂಡ್ಯದ ಕಾರ್ಖಾನೆಯೊಂದಕ್ಕೆ ಬೆಸುಗೆಗೆ ಕಳಿಸಿದೆವು. ಯುದ್ಧದ ಕೆಲಸಗಳೇ ಅಲ್ಲಿ ತುಂಬಿದ್ದವು. ಯಾವಾಗ ಕೈಗೆ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ.

"ಸ್ವಾಮಿ, ಆ ತಗ್ಗಿಗೆ ದಪ್ಪ ಕಲ್ಲು ತುಂಬಿ ಮುಚ್ಬುಡಾನ. ಮ್ಯಾಲೆ ಗರಸು ಅರವಿದ್ರೆ ಯಾರಿಗ್ ಕಾಣ್ತದೆ? ಇಂಜಿನೇರ್ ಸಾಯೇಬ್ರು ಬರಾದ್ರೊಳಗೆ ಮುಗುಸ್ಬುಡಾನ."

ಅವನು ಹೇಳಿದ್ದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಎಷ್ಟೋ ಕಡೆ ಹಾಗೆ ಮಾಡಿ ರಸ್ತೆಗಳು ನಿಂತಿವೆ. ಆದರೆ ರಸ್ತೆಯ ಮೇಲೆ ಲಾರಿ ಓಡಿ ಹೋಗುತ್ತದೆ. ಇಲ್ಲಿ ರಾತ್ರಿಯಿಡೀ ಒಂದೇ ಕಡೆ ನಿಲ್ಲುತ್ತದೆ, ಭಾರವೂ ಒಂದೇ ಕಡೆ ಕೂರುತ್ತದೆ. ನಾನು ಮೊದಲು ಅಲ್ಲೊಂದು ಗುಂಡಿ ತೆಗೆಸಿದೆ. ಮೊಣಕಾಲಿನಷ್ಟು ಕೆಳಗೆ ಹೋಗುತ್ತಲೇ ಕಪ್ಪು ಜೇಡಿ ಸಿಕ್ಕಿತು. ಅದರಲ್ಲಿ ಕೊಳೆತ ಜೊಂಡಿನ ಬೇರುಗಳಿದ್ದವು, ಬಿಳಿಯ ಬಸವನಹುಳುವಿನ ಚಿಪ್ಪುಗಳಿದ್ದವು. ಯಾವುದೋ ಕಾಲದಲ್ಲಿ ಅಲ್ಲೊಂದು ನೀರಿನ ಕಟ್ಟೆ ಇದ್ದು ಹೂಳು ತುಂಬಿ ಮುಚ್ಚಿಹೋಗಿತ್ತು. ಮೇಲಿನ ಗದ್ದೆಗಳ ಬಸಿನೀರು ಇಂದಿಗೂ ಅಲ್ಲಿಗೇ ಬಂದು ಸೇರುತ್ತಿತ್ತು. ಅದರ ಮೇಲೆ ಎಷ್ಟು ಕಲ್ಲು ಸುರಿದರೂ ಅದು ನುಂಗುತ್ತಲೇ ಇರುತ್ತಿತ್ತು.

"ಎಲ್ಲಾ ಅಗೆದು ತೆಗೆಯೋಣ" ಎಂದೆ.

ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಬಯಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಅಂಗಾದ್ರೆ ಯುಗಾದಿ ಓಳಿಗೆ ಇಲ್ಲೇಯ" ಎಂದು ಪಂಚೆ ಎತ್ತಿ ಕಟ್ಟಿದ.

ಇಂಜಿನಿಯರ್ ಸಾಹೇಬರು ಮಂಡ್ಯದಿಂದ ಬಂದಾಗ ಗುಂಡಿಯನ್ನು ತೋರಿಸಿದೆ. ಅವರು ಹೆಚ್ಚು ಮಾತಿನವರಲ್ಲ. ಬಗ್ಗಿ ಒಂದು ಚಿಪ್ಪನ್ನು ಹೆಕ್ಕಿ ಒರೆಸಿ ನೋಡಿ, "ಅಗೆಯಿರಿ" ಎಂದರು. ಕಾರು ಹತ್ತುವ ಮುಂಚೆ ಕೇಳಿದರು: "ತುಂಬಿದ ಮಣ್ಣನ್ನ ಗಟ್ಟಿ ಮಾಡೋದು ಹೇಗೆ? ರೋಲರ್ ಇಲ್ಲವಲ್ಲ."

"ಕೈಯಲ್ಲೇ ಕುಟ್ಟಿಸ್ತೀನಿ ಸಾರ್" ಎಂದೆ. ನನಗೂ ಅದರಲ್ಲಿ ನಂಬಿಕೆ ಇರಲಿಲ್ಲ.

ಜೇಡಿಯನ್ನು ತೆಗೆಯುವುದು ಕಷ್ಟದ ಕೆಲಸವಾಯಿತು. ಗುದ್ದಲಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಹೆಂಗಸರು ಮಂಕರಿಯ ತಳಕ್ಕೆ ಬೂದಿ ಬಳಿದುಕೊಂಡು ಹೊತ್ತರು. ಕೆಳಗಿನ ಗಟ್ಟಿ ನೆಲ ಸಿಗುವವರೆಗೂ ಅಗೆದೆವು. ಬಸಿನೀರು ಬರುವ ಮೇಲಿನ ಅಂಚಿನಲ್ಲಿ ಆಳವಾದ ಕಾಲುವೆ ತೋಡಿ, ಅದಕ್ಕೆ ದುಂಡುಗಲ್ಲು ತುಂಬಿ, ಕಲ್ಲಿನ ಸಂದಿನಲ್ಲೇ ನೀರು ಹರಿದು ಬಯಲನ್ನು ಬಳಸಿಕೊಂಡು ಕೆರೆಗೆ ಹೋಗುವಂತೆ ಮಾಡಿದೆವು. ಕಾಲುವೆಯ ಬಾಯಲ್ಲಿ ನೀರು ಮೊದಲ ಸಲ ತೊಟ್ಟಿಕ್ಕಿದಾಗ ಮೇಸ್ತ್ರಿ ಅಂಗೈಯೊಡ್ಡಿ ಹಿಡಿದು, ಮುಖಕ್ಕೆ ಹಚ್ಚಿಕೊಂಡ. ಅದನ್ನು ನೋಡಿ ಕೂಲಿಯವರೆಲ್ಲ ನಕ್ಕರು. ರೋಲರ್ ಹೂತುಹೋದ ಮೇಲೆ ಅಲ್ಲಿ ನಗು ಕೇಳಿದ್ದು ಆವತ್ತೇ.

ಗರಸನ್ನು ಒಂದು ಗೇಣು ದಪ್ಪಕ್ಕೆ ಹರವಿ ದಿಮ್ಮಸು ಹಿಡಿಸಿದೆ. ಮರದ ದಪ್ಪ ಕೊರಡಿಗೆ ಹಿಡಿ ಹಾಕಿದ ದಿಮ್ಮಸನ್ನು ಎತ್ತಿ ಎತ್ತಿ ಕುಟ್ಟುವುದು. ಸಂಜೆಯವರೆಗೆ ಕುಟ್ಟಿದರೂ ಒಂದು ಮೂಲೆ ಮುಗಿದಿರಲಿಲ್ಲ. ಹಾರೆಕೋಲನ್ನು ಎತ್ತಿ ಹಾಕಿ ನೋಡಿದೆ. ಒಂದು ಕಡೆ ಠಣ್ ಎಂದಿತು, ಒಂದು ಮಾರು ಆಚೆಗೆ ಹಿಟ್ಟಿಗೆ ಹಾಕಿದಂತೆ ಇಳಿಯಿತು. ಇಡೀ ಬಯಲನ್ನು ಪದರ ಪದರವಾಗಿ ಹೀಗೆ ಕುಟ್ಟುವುದಾದರೆ ಬೇಸಗೆಯ ಕೊನೆಗೆ ಬರುವ ಭರಣಿ ಮಳೆ ಇರಲಿ, ದಸರೆ ಬಂದರೂ ಮುಗಿಯುವಂತಿರಲಿಲ್ಲ. ಡ್ರೈವರು ತಮ್ಮ ಮುರಿದ ಗಾಡಿಯ ನೆರಳಲ್ಲಿ ಕೂತು ಅದನ್ನೇ ಒರೆಸುತ್ತಿದ್ದರು. ಒರೆಸಲು ಏನೂ ಉಳಿದಿರಲಿಲ್ಲ.

ಆ ಸಂಜೆಯೇ ಕುರಿಗಳು ಬಂದವು. ಅಲ್ಲಿಗೆ ಹತ್ತಿರದ ಹಳ್ಳಿಯ ಒಬ್ಬ ಹೆಂಗಸು ದೊಡ್ಡ ಮಂದೆಯನ್ನು ಕೆರೆಗೆ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಎಲ್ಲ ಬಂಡೂರು ಕುರಿಗಳು, ಗಿಡ್ಡ ಕಾಲು, ಗುಂಡಗಿನ ಮೈ. ಪ್ರತಿ ದಿನ ಅವು ಬಯಲನ್ನು ಬಳಸಿ ಹೋಗುತ್ತಿದ್ದವು. ಆ ದಿನ ನಾವು ತೋಡಿದ್ದ ಕಾಲುವೆ ಅಡ್ಡ ಬಂದು, ಹೊಸದಾಗಿ ಹರವಿ ನೀರು ಚಿಮುಕಿಸಿದ್ದ ಗರಸಿನ ಮೇಲೆ ಸಾಲಾಗಿ ಹಾದವು. ಅಂಗೈಯಗಲ ನೆಲವನ್ನು ಸಮ ಮಾಡಲು ಪಟ್ಟ ಪಾಡು ನೆನೆದು ನನಗೆ ರೇಗಿತು. ಓಡಿಹೋಗಿ ಕೂಗಾಡಿದೆ.

"ಕಣ್ಣು ಕಾಣೋಲ್ವೇನಮ್ಮ? ಇಷ್ಟು ಜನ ಕೆಲಸ ಮಾಡಿರೋದನ್ನ ತುಳಿಸ್ತಿದ್ದೀಯಲ್ಲ!"

ಅವಳು ಹೆದರಲಿಲ್ಲ. "ದಾರೀಲಿ ಅಳ್ಳ ತೋಡ್ದೋರು ನೀವು. ನನ್ ಕುರಿ ಆರ್ಕೊಂಡ್ ಓಗಾನ ಅಂದ್ರೆ ಅವುಕ್ಕೆ ರೆಕ್ಕೆ ಇಲ್ಲ ಬುದ್ದಿ" ಎಂದು ಹೇಳಿ ಮಂದೆಯ ಹಿಂದೆ ನಡೆದಳು.

ಬೆಳಿಗ್ಗೆ ಅದನ್ನು ಸರಿಮಾಡಿಸಲೆಂದು ಹಾರೆಕೋಲು ಹಿಡಿದು ಹೋದೆ. ಕುರಿಗಳು ಹಾದಿದ್ದ ಪಟ್ಟಿಯ ಮೇಲೆ ಗೊರಸಿನ ಸಣ್ಣ ಸಣ್ಣ ಗುಳಿಗಳಿದ್ದವು. ಹಾರೆ ಎತ್ತಿ ಹಾಕಿದೆ. ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಪಕ್ಕದಲ್ಲಿ ಹಾಕಿದೆ, ಸರ್ರನೆ ಇಳಿಯಿತು. ಮತ್ತೆ ಪಟ್ಟಿಯ ಮೇಲೆ, ಇನ್ನೊಂದು ಕಡೆ, ಮತ್ತೊಂದು ಕಡೆ. ಎಲ್ಲಿ ಹಾಕಿದರೂ ಹಾರೆ ಕೈಗೆ ಒದೆಯಿತು. ಗಿಡ್ಡ ಕಾಲಿನ ತೂಕದ ಪ್ರಾಣಿ, ಅಂಗುಲದಗಲದ ಗೊರಸು. ತುಳಿದಲ್ಲೆಲ್ಲ ಒಳಗಿನ ಮಣ್ಣನ್ನು ಅಮುಕುತ್ತಾ ಹೋಗಿತ್ತು. ಬಸರಾಳಿನ ಕಡೆ ಒಡೆದ ಕೆರೆಯ ಏರಿಯನ್ನು ಕಟ್ಟುವಾಗ ಎಮ್ಮೆಗಳನ್ನು ಓಡಾಡಿಸಿದ್ದನ್ನು ನಾನು ಕಂಡಿದ್ದೆ. ಆದರೆ ಎಮ್ಮೆ ತೆಳು ಪದರವನ್ನು ಕಲಸಿಬಿಡುತ್ತದೆ. ಇದಕ್ಕೆ ಕುರಿಯೇ ಸರಿ.

ಡ್ರೈವರಿಗೆ ಹೇಳಿದಾಗ ಅವರು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ನನ್ ಗಾಡಿ ಮಾಡೋ ಕೆಲಸಾನ ಕುರಿ ಕೈಲಿ ಮಾಡಿಸ್ತೀರಾ ಸಾಹೇಬ್ರೇ?" ಅವರಿಗೆ ನಗು ಬಂದಿತ್ತೋ ಬೇಸರವಾಗಿತ್ತೋ ತಿಳಿಯಲಿಲ್ಲ. ಬಂದು ಹಾರೆ ಹಾಕಿ ನೋಡಿದರು. ಇನ್ನೊಮ್ಮೆ ಹಾಕಿದರು. "ನಡೀರಿ, ಆಯಮ್ಮನ್ನ ಕೇಳೋಣ" ಎಂದು ತಾವೇ ಮುಂದೆ ಹೊರಟರು.

ಅವಳು ಮನೆಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ, "ಇನ್ನೂ ಬಯ್ಯೋದು ಉಳ್ಕೊಂಡದಾ?" ಎಂದಳು.

"ಬಯ್ಯೋಕೆ ಬಂದಿಲ್ಲ ಕಣಮ್ಮ. ನಿನ್ನೆ ದುಡುಕಿದೆ. ನಿನ್ನ ಕುರಿ ಬೇಕಾಗಿತ್ತು."

"ಮಾಂಸಕ್ಕಾ?"

"ಅಯ್ಯೋ ಅಲ್ಲಕ್ಕ" ಎಂದರು ಡ್ರೈವರು ನಗುತ್ತಾ. "ನಡಿಯೋಕೆ. ಬರೀ ನಡಿಯೋಕೆ."

ವಿಷಯ ತಿಳಿದ ಮೇಲೆ ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಮಂದೆಯೇ ಅವಳ ಮನೆಯ ಅನ್ನ. ಕೆಲಸ ನಮ್ಮದು, ಕಾಲು ಅವುಗಳದು. "ಇಸ್ಕೂಲ್ ಐಕಳಂಗೆ ಸುಮ್ಕೆ ಸುತ್ತಾಕಲ್ಲ ಕುರಿ. ಅವುಕ್ಕೂ ಒಂದು ಲಾಭ ಇರಬೇಕು" ಎಂದು ಒಂದೊಂದಾಗಿ ಹೇಳಿದಳು. ಬಿಸಿಲು ನೆತ್ತಿಗೇರಿದ ಮೇಲೆ ತುಳಿಸಬಾರದು. ಗಬ್ಬದ ಕುರಿಗಳು ಬರುವುದಿಲ್ಲ. ಯಾರೂ ಕೋಲು ಎತ್ತಬಾರದು, ತಗಡು ಬಡಿಯಬಾರದು. ಅವಳು ಸಾಕೆಂದರೆ ಸಾಕು. ಕೂಲಿಯ ಜೊತೆಗೆ ಮೇವೂ ಬೇಕು. ಮೇವಿನ ಮಾತು ಬಂದಾಗ ನನಗೆ ದಾರಿ ಹೊಳೆಯಿತು. ಎತ್ತರದ ಲಾರಿಗಳಿಗೆ ತಾಗದಂತೆ ರಸ್ತೆಮರಗಳ ಕೆಳಗಿನ ಕೊಂಬೆ ಕಡಿಸುವ ಕೆಲಸವೂ ನನ್ನದೇ ಆಗಿತ್ತು. "ಆ ಅರಳಿ, ಗೋಣಿ ಸೊಪ್ಪೆಲ್ಲ ನಿನ್ನ ಕುರಿಗೆ" ಎಂದೆ.

"ಅಂಗನ್ನಿ ಮತ್ತೆ" ಎಂದಳು.

ಮೊದಲ ದಿನ ನಗೆಪಾಟಲಾಯಿತು. ಮಂದೆಯನ್ನು ಗರಸಿನ ಮೇಲೆ ಬಿಟ್ಟರೆ ಕುರಿಗಳು ಒಂದರ ಬಾಲಕ್ಕೊಂದು ಮೂಗು ತಾಗಿಸಿಕೊಂಡು ಅಂಚಿನಲ್ಲೇ ಓಡಿ ಕೆರೆಗೆ ಹೋಗಿ ನಿಂತವು. ಮತ್ತೆ ತಂದರೆ ಮತ್ತೆ ಅದೇ ದಾರಿ. ನಡುವಿನ ಮಣ್ಣನ್ನು ಒಂದೂ ಮೆಟ್ಟಲಿಲ್ಲ. ಮೇಸ್ತ್ರಿ ತೋಳು ಬೀಸಿ ಅಡ್ಡ ನಿಂತ, ಅವನನ್ನೂ ಬಳಸಿಕೊಂಡು ಹೋದವು. ಕೂಲಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನೀರೂ ಹೆಚ್ಚಾಗಿತ್ತು. ಗೊರಸಿನ ಸಂದಿಗೆ ಮಣ್ಣು ಮೆತ್ತಿ ಕುರಿಗಳು ಕಾಲು ಝಾಡಿಸುತ್ತಿದ್ದವು. ಅಂದಿನ ಕೆಲಸ ನಿಲ್ಲಿಸಿದೆ. ಎಷ್ಟು ನೀರು ಬೇಕೆಂದು ಗೊತ್ತುಮಾಡಲು ಒಂದು ರೂಢಿ ಮಾಡಿಕೊಂಡೆವು. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಆ ಉಂಡೆಯನ್ನು ಕೆಳಗೆ ಹಾಕಿದರೆ ಎರಡು ಮೂರು ಹೋಳಾಗಬೇಕು, ಪುಡಿಯಾಗಬಾರದು. ದಿನವೂ ನಸುಕಿನಲ್ಲಿ ನಾನು, ಮೇಸ್ತ್ರಿ, ಡ್ರೈವರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಉಂಡೆ ಕಟ್ಟಿ ಹಾಕುತ್ತಿದ್ದೆವು.

ಕುರಿಗಳನ್ನು ನಡುವೆ ತರುವ ಉಪಾಯ ಅವಳದೇ. ಕೊರಳಿಗೆ ಗಂಟೆ ಕಟ್ಟಿದ್ದ ದೊಡ್ಡ ಟಗರನ್ನು ತಾನೇ ಹಿಡಿದುಕೊಂಡು ಬಯಲಿನ ನಡುವೆ ನಡೆದಳು. ಮಂದೆ ಗಂಟೆಯ ಹಿಂದೆ ಬಂತು. ಅವಳು ದೊಡ್ಡ ಸುತ್ತು ಹಾಕಿದಳು, ಆಮೇಲೆ ಅದರೊಳಗೆ ಚಿಕ್ಕ ಸುತ್ತು, ಇನ್ನೂ ಚಿಕ್ಕದು, ಮತ್ತೆ ತಿರುಗಿ ಹೊರಗೆ. ಅಂಚಿಗೆ ನಾವು ಗೂಟ ನೆಟ್ಟು ಹಗ್ಗ ಕಟ್ಟಿದ್ದೆವು. ನೂರಾರು ಗೊರಸುಗಳು ಒಟ್ಟಿಗೆ ಮಣ್ಣಿಗೆ ಬೀಳುವ ಶಬ್ದ ಮೆತ್ತಗಿತ್ತು, ರಾಗಿ ಕೇರುವ ಮೊರದ ಶಬ್ದದಂತೆ. ಮೊದಲು ಕಣಕಾಲಿನವರೆಗೆ ಇಳಿಯುತ್ತಿದ್ದ ಕಾಲುಗಳು ಬರಬರುತ್ತಾ ಮೇಲೆ ಬಂದವು. ಕೊನೆಗೆ ಗೊರಸಿನ ತುದಿ ಮಾತ್ರ ಗುರುತು ಮಾಡುತ್ತಿತ್ತು. ಹಾರೆ ಎತ್ತಿ ಹಾಕಿದೆ. ಠಣ್ ಎಂದಿತು.

"ಏನಂತು ಬುದ್ದಿ?" ಎಂದು ಆಚೆಯಿಂದ ಕೂಗಿದಳು.

"ಸಾಕು ಅಂತು ಕಣಮ್ಮ!"

ಹೀಗೆ ಒಂದರ ಮೇಲೊಂದು ಪದರ ಏರಿತು. ನಸುಕಿನಲ್ಲಿ ಕುರಿ, ಬಿಸಿಲೇರಿದ ಮೇಲೆ ಗಾಡಿಗಳಿಂದ ಹೊಸ ಗರಸು, ಸಂಜೆ ನೀರು. ಮರದ ಕೆಳಗೆ ಬೇಸರದಲ್ಲಿ ಕೂತಿದ್ದ ಡ್ರೈವರು ಎರಡನೆಯ ಪದರದ ಹೊತ್ತಿಗೆ ಟಗರಿನ ಹಗ್ಗ ಹಿಡಿದು ತಾವೇ ಸುತ್ತು ಹಾಕತೊಡಗಿದರು. ಟಗರು ಅವರಿಗೆ ಒಗ್ಗಿಕೊಂಡಿತು. "ನಿಮ್ ಗಾಡಿಗಿಂತ ಇದು ಬೇಗ ತಿರುಗ್ತದೆ ಸಾಬ್ರೇ" ಎಂದು ಅವಳು ರೇಗಿಸಿದರೆ, "ಇದಕ್ಕೆ ಸೌದೆ ಬೇಡ, ಸೊಪ್ಪು ಸಾಕು" ಎನ್ನುತ್ತಿದ್ದರು.

ಹಿಕ್ಕೆಯದೊಂದು ತಾಪತ್ರಯ. ಮಣ್ಣಿನ ನಡುವೆ ಗೊಬ್ಬರ ಉಳಿದರೆ ಕೊಳೆತು ಟೊಳ್ಳಾಗುತ್ತದೆ. ಆದ್ದರಿಂದ ಪ್ರತಿ ಪದರ ಮುಗಿದ ಮೇಲೆ ಗುಡಿಸಲೇಬೇಕಿತ್ತು. ಮೇಸ್ತ್ರಿ ಗೊಣಗಿದ. ಆದರೆ ಗುಡಿಸಿದ ರಾಶಿಯನ್ನು ನೋಡಿ ಪಕ್ಕದ ಹೊಲದ ಒಕ್ಕಲುಗಳು ಬಂದರು. ಕುರಿಗೊಬ್ಬರವೆಂದರೆ ಚಿನ್ನ. ನನಗೆ ತನಗೆ ಎಂದು ಮಾತು ಬೆಳೆಯಿತು. ಕೊನೆಗೆ ಮೇಸ್ತ್ರಿಯೇ ಪಂಚಾಯಿತಿ ಮಾಡಿ, ಯಾರು ಗುಡಿಸುತ್ತಾರೋ ಅವರಿಗೆ ಅಂದಿನ ರಾಶಿ ಎಂದು ತೀರ್ಮಾನಿಸಿದ. ಅಲ್ಲಿಂದ ಮುಂದೆ ನಮ್ಮ ಹೆಂಗಸರು ಪೊರಕೆ ಮುಟ್ಟಲಿಲ್ಲ. ಒಕ್ಕಲುಗಳು ನೆಲವನ್ನು ದೇವರಮನೆಯಂತೆ ಗುಡಿಸಿಕೊಡುತ್ತಿದ್ದರು.

ಯುಗಾದಿಯ ಹೋಳಿಗೆಯನ್ನು ಮೇಸ್ತ್ರಿ ಹೇಳಿದ್ದಂತೆ ಅಲ್ಲೇ ತಿಂದೆವು. ಅವನ ಹೆಂಡತಿ ಬುಟ್ಟಿಯಲ್ಲಿ ಹೊತ್ತು ತಂದಿದ್ದಳು. ಡ್ರೈವರು ಚಹಾ ಕಾಯಿಸಿದರು. ಕುರಿಯವಳು ಚಹಾವನ್ನು ಒಂದು ಗುಟುಕು ಕುಡಿದು ಮುಖ ಕಿವಿಚಿ ಲೋಟ ಕೆಳಗಿಟ್ಟಳು.

ಅದರ ಬೆನ್ನಲ್ಲೇ ತೊಂದರೆ ಬಂತು. ಹೊಸ ಗುಂಡಿಯಿಂದ ಬಂದ ಗರಸಿನಲ್ಲಿ ಚೂಪು ಬೆಣಚುಕಲ್ಲು ಬೆರೆತಿತ್ತು. ನಾನು ಗಮನಿಸಲಿಲ್ಲ. ಎರಡು ಸುತ್ತು ಆಗುವುದರೊಳಗೆ ಒಂದು ಕುರಿ ಮುಂಗಾಲೆತ್ತಿ ನಿಂತಿತು. ಗೊರಸಿನ ಸಂದು ಸೀಳಿ ರಕ್ತ ಬರುತ್ತಿತ್ತು. ಅವಳು ಗಂಟೆಯ ಟಗರನ್ನು ನಿಲ್ಲಿಸಿದಳು. ಕೂಗಾಡಲಿಲ್ಲ. ಕುರಿಯನ್ನು ಮಡಿಲಿಗೆ ಮಲಗಿಸಿಕೊಂಡು ಗಾಯ ತೊಳೆದು, ಅರಿಸಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿ, ಬಟ್ಟೆ ಕಟ್ಟಿದಳು. ಆಮೇಲೆ ಅದನ್ನು ಹೆಗಲಿಗೇರಿಸಿಕೊಂಡು ಎದ್ದಳು.

"ನಾ ಒಂಟೋಯ್ತೀನಿ ಬುದ್ದಿ. ಕಾಲು ಓದ್ರೆ ಕುರಿ ಓದಂಗೇಯ."

ಆಗ ಇನ್ನು ಎರಡೇ ಪದರ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ದಿನವೂ ಮೋಡ ಕಟ್ಟುತ್ತಿತ್ತು. ಆದರೂ ನಾನು ತಡೆಯಲಿಲ್ಲ. ಅವಳು ಹೋದ ಮೇಲೆ ಕೆಲಸವನ್ನೆಲ್ಲ ನಿಲ್ಲಿಸಿ, ಹರವಿದ್ದ ಗರಸಿನ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ನಾನೂ ಕೂತೆ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆಣಚು ಆರಿಸಿದೆವು. ಮಂಕರಿ ಮಂಕರಿ ತುಂಬಿತು. ಉಳಿದ ರಾಶಿಯನ್ನು ಜರಡಿ ಹಿಡಿದು, ಅದರ ನುಣುಪು ಮಣ್ಣನ್ನು ಮೇಲೆ ಹರವಿದೆವು. ಆಮೇಲೆ ನಾನು ಚಪ್ಪಲಿ ಬಿಟ್ಟು ಆ ಮಣ್ಣಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ನಡೆದೆ. ಚುಚ್ಚಿದಲ್ಲೆಲ್ಲ ಬಗ್ಗಿ ಹೆಕ್ಕಿದೆ. ಮೇಸ್ತ್ರಿಯೂ ನಡೆದ, ಡ್ರೈವರೂ ಬೂಟು ಕಳಚಿದರು.

ಸಂಜೆ ಅವಳ ಮನೆಗೆ ಹೋಗಿ ಹೇಳಿದೆ: "ಬಾ ಅಂತ ಕರಿಯೋಲ್ಲ. ಬಂದು ಒಂದು ಸಲ ನಡೆದು ನೋಡು. ಆಮೇಲೆ ನಿನ್ನಿಷ್ಟ."

ಅವಳು ಬಂದಳು. ಬರಿಗಾಲಲ್ಲಿ ಬಯಲನ್ನು ಸುತ್ತಿದಳು. ಒಂದು ಕಡೆ ನಿಂತು ಕಾಲ್ಬೆರಳಿನಿಂದ ಕೆದಕಿ ಒಂದು ಚೂರು ಬೆಣಚನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಇದೊಂದ್ ಬುಟ್ಟಿದ್ರಿ" ಎಂದಳು. ಮಾರನೆಯ ನಸುಕಿನಲ್ಲಿ ಗಂಟೆಯ ಸದ್ದು ಕೇಳಿತು. ಗಾಯದ ಕುರಿಯೂ ವಾರದೊಳಗೆ ನಾಲ್ಕು ಕಾಲೂರಿ ಓಡಾಡಿತು.

ಕೊನೆಯ ಪದರ ಮುಗಿದ ದಿನವೇ ಭರಣಿ ಮಳೆ ಹೊಡೆಯಿತು. ಗುಡುಗು ಮಿಂಚು ಹೆಚ್ಚು ಹೊತ್ತು ಇರಲಿಲ್ಲ, ಆದರೆ ಬಂದಷ್ಟು ಹೊತ್ತೂ ಕೊಡದಲ್ಲಿ ಸುರಿದಂತೆ ಬಂತು. ನಾನು ಮತ್ತು ಡ್ರೈವರು ರೋಲರಿನ ತಗಡಿನ ಚಾವಣಿಯ ಕೆಳಗೆ ನಿಂತು ನೋಡುತ್ತಿದ್ದೆವು. ನೆಲವನ್ನು ನಡುವೆ ಎತ್ತರಿಸಿ ಎರಡೂ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದೆ. ನೀರು ಎಲ್ಲೂ ನಿಲ್ಲದೆ ಹಾಳೆಯಂತೆ ಜಾರಿ ಚರಂಡಿಗೆ ಇಳಿಯಿತು. ಕಲ್ಲಿನ ಕಾಲುವೆಯ ಬಾಯಲ್ಲಿ ತೊರೆಯೇ ಹರಿಯಿತು. ಮಳೆ ನಿಂತ ಮೇಲೆ ನಡೆದು ನೋಡಿದರೆ ಚಪ್ಪಲಿಗೆ ತೆಳುವಾದ ಕೆಂಪು ಹತ್ತಿತು, ಅಷ್ಟೇ. ಡ್ರೈವರು ನನ್ನ ಹೆಗಲ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದರು.

ಅದಾದ ಕೆಲವೇ ದಿನಕ್ಕೆ ಮಂಡ್ಯದಿಂದ ಬೆಸುಗೆ ಹಾಕಿದ ಕವೆ ಬಂತು. ದಪ್ಪ ಕಲ್ಲನ್ನು ಚೂಪು ಮೇಲಾಗಿ ನಿಲ್ಲಿಸಿ, ಸಂದಿಗೆ ಚಿಪ್ಪುಗಲ್ಲು ಹೊಡೆದು, ಮೇಲೆ ಜಲ್ಲಿ ಹರವಿದೆವು. ಡ್ರೈವರು ಒಲೆ ಹೊತ್ತಿಸಿ ಹಬೆ ಏರಿಸಿದರು. ಮೊದಲು ಮುಳುಗಿದ್ದ ಆ ತಗ್ಗಿನ ಜಾಗದ ಅಂಚಿಗೆ ಬಂದಾಗ ಗಾಡಿ ನಿಂತಿತು. ಅವರು ಮೇಲಿನಿಂದ ನನ್ನನ್ನು ನೋಡಿದರು. ನಾನು ಹೋಗಿ ಉರುಳೆಯ ಮುಂದೆ ಎರಡು ಮಾರು ದೂರದಲ್ಲಿ ನಿಂತು, ಹಿಮ್ಮುಖವಾಗಿ ನಡೆಯುತ್ತಾ ಬನ್ನಿ ಎಂದು ಕೈ ಮಾಡಿದೆ. ಗಾಡಿ ಬಂತು. ಜಲ್ಲಿ ಕಟಕಟನೆ ಕೂತಿತು, ಬೇರೇನೂ ಕದಲಲಿಲ್ಲ. ಆಚೆಯ ತುದಿ ತಲುಪಿದ ಮೇಲೆ ಅವರು ಸೀಟಿ ಹೊಡೆದರು. ನಿಯಮದ ಪ್ರಕಾರ ಅಲ್ಲಿ ಸೀಟಿ ಬೇಕಿರಲಿಲ್ಲ.

ಲಾರಿಗಳು ಬಂದದ್ದು ಇನ್ನೊಂದು ಮಳೆಯ ಮಾರನೆಯ ಸಂಜೆ. ಮುಂದಿನ ಲಾರಿಯಿಂದ ಇಳಿದ ಎತ್ತರದ ಪಂಜಾಬಿ ಸುಬೇದಾರರು ಒದ್ದೆ ನೆಲವನ್ನು ಅನುಮಾನದಿಂದ ನೋಡಿ ಏನೋ ಕೇಳಿದರು. ಡ್ರೈವರು ಉರ್ದುವಿನಲ್ಲಿ ಉತ್ತರ ಕೊಟ್ಟರು. ಆಮೇಲೆ ನನಗೆ ಹೇಳಿದರು: "ಎಲ್ಲಕ್ಕಿಂತ ಭಾರದ್ದನ್ನ ಮೊದಲು ಬಿಡಿ ಅಂದೆ ಸಾಹೇಬ್ರೇ. ಸರೀನಾ?"

ಸರಿ ಎಂದೆ.

ಯಾವುದೋ ದೊಡ್ಡ ಯಂತ್ರವನ್ನು ಸರಪಳಿ ಬಿಗಿದು ಹೊತ್ತಿದ್ದ ಲಾರಿ ರಸ್ತೆಯಿಂದ ಇಳಿಯಿತು. ನಾನು ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ. ಅದು ತಗ್ಗಿನವರೆಗೂ ಹೋಗಿ, ತಿರುಗಿ, ಸಾಲಿಗೆ ನಿಂತಿತು. ಅದರ ಹಿಂದೆ ಒಂದೊಂದಾಗಿ ಎಲ್ಲವೂ ಬಂದು ನಿಂತವು. ಸಿಪಾಯಿಗಳು ಇಳಿದು ಒಲೆ ಹೂಡಿದರು. ರಸ್ತೆಯಲ್ಲಿ ಸಂತೆಯಿಂದ ಮರಳುವ ಗಾಡಿಗಳು ತಡೆಯಿಲ್ಲದೆ ಸಾಗಿದವು. ಬೆಳಿಗ್ಗೆ ಲಾರಿಗಳು ಹೊರಟುಹೋದ ಮೇಲೆ ಚಕ್ರ ನಿಂತಿದ್ದ ಕಡೆಗಳಲ್ಲೆಲ್ಲ ಹೋಗಿ ನೋಡಿದೆ. ಒದ್ದೆಯ ಗುರುತು ಇತ್ತು, ಗುಳಿ ಇರಲಿಲ್ಲ.

ಇಂಜಿನಿಯರ್ ಸಾಹೇಬರು ಅದೇ ದಿನ ಬಂದರು. ಕುರಿ ತುಳಿಸಿದ ಕಥೆಯನ್ನು ನನ್ನಿಂದ ಕೇಳಿಕೊಂಡು, ಇಡೀ ನೆಲವನ್ನು ಕೊಡೆ ಊರಿಕೊಂಡು ನಡೆದರು. ಕೂಲಿಯವರು, ಒಕ್ಕಲುಗಳು, ಕುರಿಯವಳು ಎಲ್ಲ ಅಂಚಿನಲ್ಲಿ ನಿಂತಿದ್ದರು. ಸಾಹೇಬರು ನನ್ನ ಹತ್ತಿರ ಬಂದು, "ಮದ್ದೂರಿನಲ್ಲೂ ಇಂಥದೊಂದು ಬೇಕಂತೆ. ನೀವೇ ಹೋಗಿ" ಎಂದರು. ಟಗರಿನ ಕಡೆ ನೋಡಿ ಕೇಳಿದರು: "ಆದರೆ ಅಲ್ಲಿಗೆ ಈ ಕುರಿಗಳನ್ನ ಹೇಗೆ ಕರಕೊಂಡು ಹೋಗ್ತೀರಿ?"

ನಾನು ಬಾಯಿ ತೆರೆಯುವ ಮುಂಚೆಯೇ ಅಂಚಿನಿಂದ ಅವಳ ದನಿ ಬಂತು. "ಯಾಕ್ ಬುದ್ದಿ, ಮದ್ದೂರಿನ್ ಕುರಿಗಳೇನು ಗಾಳೀಲಿ ನಡೀತವಾ?"

ಸಾಹೇಬರು ನಕ್ಕುಬಿಟ್ಟರು. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟವಳಂತೆ ಟಗರಿನ ಹಗ್ಗ ಹಿಡಿದು ಕೆರೆಯ ಕಡೆ ಹೊರಟಳು.

ಮರುದಿನ ಡ್ರೈವರು ರೋಲರಿಗೆ ಸೌದೆ ತುಂಬಿದರು. ನನಗೆ ಬಸ್ಸು ಹಿಡಿದು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಗಂಟನ್ನು ಗಾಡಿಯ ಮೇಲಿಟ್ಟು ಅದರ ಪಕ್ಕದಲ್ಲೇ ನಡೆದೆ. ಮದ್ದೂರಿನ ರಸ್ತೆಯ ಎರಡೂ ಕಡೆ ಹೊಲಗಳಲ್ಲಿ ಮೊದಲ ಉಳುಮೆ ಹತ್ತಿತ್ತು. ಮಳೆಗೆ ನೆಂದ ಮಣ್ಣಿನ ವಾಸನೆ ಹೊಗೆಯ ಜೊತೆ ಬೆರೆತು ಬರುತ್ತಿತ್ತು. ರೋಲರಿನ ಜೊತೆ ನಡೆಯುವವನಿಗೆ ಅವಸರ ಇರಬಾರದು. ನನಗೆ ಆ ದಿನ ಯಾವ ಅವಸರವೂ ಇರಲಿಲ್ಲ.